ಕಿರುತೊರೆಯ ಮೇಲಣ ಹಿರಿಯ ಕಮಾನು: ಕಾಸಿ ಸೇತುವೆಯ ವಿಚಾರ

೧. ಪೀಠಿಕೆ

ಇಂಗ್ಲೆಂಡಿನ ಈಶಾನ್ಯ ಭಾಗದ ಡರಮ್ ಪ್ರಾಂತದಲ್ಲಿ, ಸ್ಟ್ಯಾನ್ಲಿ ಎಂಬ ಊರಿಗೆ ಸಮೀಪವಾಗಿ, ಮರಗಳಿಂದ ಮುಸುಕಿದ ಇಕ್ಕಟ್ಟಾದ ಕಣಿವೆಯೊಂದರ ತಳದಲ್ಲಿ ಒಂದು ಸಣ್ಣ ತೊರೆ ಹರಿಯುತ್ತದೆ. ಆ ಸೀಮೆಯ ಜನರ ನುಡಿಯಲ್ಲಿ 'ಬರ್ನ್' ಎಂದರೆ ಹಳ್ಳ. ಈ ಹಳ್ಳದ ಹೆಸರು ಕಾಸಿ ಬರ್ನ್. ಭೂಪಟದಲ್ಲಿ ಹುಡುಕಿ ನೋಡಬೇಕಾದಷ್ಟು ಅಲ್ಪವಾದ ಈ ಜಲರೇಖೆಯ ಮೇಲೆ ನೂರು ಅಡಿಗೂ ತುಸು ಹೆಚ್ಚು ಅಗಲಕ್ಕೆ ಚಾಚಿದ ಒಂದೇ ಒಂದು ಕಲ್ಲಿನ ಕಮಾನು ನಿಂತಿದೆ. ಹಳ್ಳದ ಮಟ್ಟದಿಂದ ಇದರ ಎತ್ತರ ಸುಮಾರು ೮೦ ಅಡಿ. ೧೭೨೫ ಮತ್ತು ೧೭೨೬ರಲ್ಲಿ ಇದನ್ನು ಕಟ್ಟಿದರು. ಅಂದು ಇದು ಇಂಗ್ಲೆಂಡಿನಲ್ಲೆಲ್ಲ ಅತ್ಯಂತ ಅಗಲವಾದ ಒಂಟಿ ಕಮಾನಿನ ಸೇತುವೆಯಾಗಿತ್ತು. ಆ ಹಿರಿಮೆ ಮುಂದೆ ಮೂವತ್ತು ವರ್ಷಗಳವರೆಗೆ ಇದರದೇ ಆಗಿತ್ತು. ಇಂದು ಉಳಿದಿರುವ ಒಂಟಿ ಕಮಾನಿನ ರೈಲುದಾರಿ ಸೇತುವೆಗಳಲ್ಲಿ ಪ್ರಪಂಚದಲ್ಲೇ ಹಳೆಯದು ಇದೆಂದು ಪರಿಗಣಿತವಾಗಿದೆ.

ಇಷ್ಟು ಸಣ್ಣ ಹಳ್ಳಕ್ಕೆ ಇಷ್ಟು ದೊಡ್ಡ ಸೇತುವೆ ಏಕೆ ಬೇಕಾಯಿತೆಂಬುದು ಯಾರಿಗಾದರೂ ತೋಚುವ ಮೊದಲ ಪ್ರಶ್ನೆ. ಬಲವಿಜ್ಞಾನದ ಲೆಕ್ಕಾಚಾರವನ್ನು ಶಾಲೆಯಲ್ಲಿ ಕಲಿಯದ ಕಲ್ಕುಟಿಗನೊಬ್ಬನು ಇದನ್ನು ಹೇಗೆ ನಿಲ್ಲಿಸಿದನೆಂಬುದು ಎರಡನೆಯ ಪ್ರಶ್ನೆ. ಮೊದಲನೆಯದು ಚರಿತ್ರೆಗೂ ಅರ್ಥಶಾಸ್ತ್ರಕ್ಕೂ, ಎರಡನೆಯದು ಬಲವಿಜ್ಞಾನಕ್ಕೂ ಸೇರಿದುದು. ಇವೆರಡರ ಬೆನ್ನಿಗೆ ಮತ್ತೊಂದು ಪ್ರಶ್ನೆಯೂ ಇದೆ. ಈ ಸೇತುವೆಯನ್ನು ಕಟ್ಟಿದಾತನು ತನ್ನ ಕೆಲಸವನ್ನೇ ನಂಬಲಾರದೆ ಪ್ರಾಣಬಿಟ್ಟನೆಂದು ಆ ಕಡೆ ಒಂದು ಐತಿಹ್ಯವಿದೆ. ಕಟ್ಟಲು ಬಲ್ಲವನಿಗೆ, ತಾನು ಕಟ್ಟಿದ್ದು ನಿಲ್ಲುವುದೆಂದು ತಿಳಿಯಲು ಇನ್ನಾವ ಬಗೆಯ ಅರಿವು ಬೇಕು? ಈ ಮೂರನ್ನೂ ಕ್ರಮವಾಗಿ ವಿವೇಚಿಸುವುದು ಪ್ರಕೃತ ಲೇಖನದ ಉದ್ದೇಶ.

೨. ಕಲ್ಲಿದ್ದಲು ಮತ್ತು ಮರದ ಹಳಿ

ಹದಿನೆಂಟನೆಯ ಶತಮಾನದ ಆದಿಯಲ್ಲಿ ಲಂಡನ್ ನಗರದ ಒಲೆಗಳೂ ಕುಲುಮೆಗಳೂ ಬಹುಮಟ್ಟಿಗೆ ಟೈನ್ ನದಿಯ ಸೀಮೆಯ ಕಲ್ಲಿದ್ದಲನ್ನು ನೆಚ್ಚಿಕೊಂಡಿದ್ದುವು. ಗಣಿಯಿಂದ ತೆಗೆದ ಕಲ್ಲಿದ್ದಲನ್ನು ನದಿಯ ದಂಡೆಗೆ ತಂದು ದೋಣಿಗಳಿಗೆ ತುಂಬಿ, ಅಲ್ಲಿಂದ ಹಡಗುಗಳಿಗೆ ಏರಿಸಿ, ಕಡಲ ಮಾರ್ಗವಾಗಿ ಲಂಡನ್ನಿಗೆ ಸಾಗಿಸುತ್ತಿದ್ದರು. ನೀರಿನ ಮೇಲಣ ಸಾಗಣೆ ಅಗ್ಗ. ನೆಲದ ಮೇಲಣ ಸಾಗಣೆ ದುಬಾರಿ. ಆದುದರಿಂದ ಗಣಿಗೂ ನದಿಗೂ ನಡುವೆ ಇರುವ ಕೆಲವೇ ಮೈಲಿಗಳ ದೂರವು ಕಲ್ಲಿದ್ದಲಿನ ಬೆಲೆಯನ್ನು ನಿರ್ಣಯಿಸುತ್ತಿತ್ತು. ನದಿಗೆ ಹತ್ತಿರವಿದ್ದ ಗಣಿಗಳು ಬರಿದಾಗುತ್ತ ಬಂದಂತೆ ಒಡೆಯರ ದೃಷ್ಟಿ ಒಳನಾಡಿನ ಎತ್ತರದ ಪ್ರದೇಶಗಳ ಮೇಲೆ ಬಿತ್ತು. ಟ್ಯಾನ್‌ಫೀಲ್ಡ್ ಎಂಬುದು ಅಂತಹ ಒಂದು ಪ್ರದೇಶ.

ಅಲ್ಲಿಂದ ಟೈನ್ ನದಿಯ ದಂಡೆಯಲ್ಲಿರುವ ಡನ್‌ಸ್ಟನ್‌ವರೆಗೆ ಹಳಿಗಳ ದಾರಿಯೊಂದು ಏರ್ಪಟ್ಟಿತು. ರೈಲು ಎಂದೊಡನೆ ಇಂದು ನಮ್ಮ ಮನಸ್ಸಿಗೆ ಬರುವ ಉಕ್ಕಿನ ಕಂಬಿಯಾಗಲಿ, ಉಗಿಯಂತ್ರವಾಗಲಿ ಅಲ್ಲಿರಲಿಲ್ಲ. ಹಳಿಗಳು ಮರದವು, ಬಂಡಿಯನ್ನು ಎಳೆಯುತ್ತಿದ್ದುದು ಕುದುರೆ. ಉಗಿಯಂತ್ರವು ಹಳಿಗಳ ಮೇಲೆ ಮೊದಲು ಓಡಿದ್ದು ವೇಲ್ಸಿನಲ್ಲಿ ೧೮೦೪ರಲ್ಲಿ. ಸ್ಟಾಕ್ಟನ್ ಮತ್ತು ಡಾರ್ಲಿಂಗ್ಟನ್ ರೈಲುದಾರಿ ತೆರೆದುದು ೧೮೨೫ರಲ್ಲಿ. ಎಂದರೆ ಕಾಸಿ ಸೇತುವೆಯು ಈ ಎರಡನೆಯದಕ್ಕಿಂತ ಸುಮಾರು ನೂರು ವರ್ಷ ಹಿರಿಯದು.

ಬಂಡಿಯೊಂದಕ್ಕೆ ಸುಮಾರು ಎರಡೂವರೆ ಟನ್ನು ಕಲ್ಲಿದ್ದಲನ್ನು ತುಂಬುತ್ತಿದ್ದರು. ಸಾಮಾನ್ಯ ಮಣ್ಣುದಾರಿಯಲ್ಲಿ ಒಂದು ಕುದುರೆ ಎಳೆಯಲಾರದ ಭಾರವಿದು. ನುಣುಪಾದ ಹಳಿಯ ಮೇಲೆ ಮಾತ್ರ ಸಾಧ್ಯ, ಅದೂ ದಾರಿ ಇಳಿಜಾರಾಗಿದ್ದಾಗ. ತುಂಬಿದ ಬಂಡಿ ನದಿಯ ಕಡೆಗೆ ಇಳಿಯಬೇಕು, ಬರಿಯ ಬಂಡಿ ಗಣಿಯ ಕಡೆಗೆ ಏರಬೇಕು. ಇದೇ ಈ ವ್ಯವಸ್ಥೆಯ ಮೂಲಸೂತ್ರ. ಇಳಿಜಾರು ಕಡಿದಾದ ಕಡೆ ಕುದುರೆಯನ್ನು ಬಿಚ್ಚಿ ಬಂಡಿಯ ಹಿಂದೆ ಕಟ್ಟಿ, ಬಂಡಿಯವನು ಮರದ ಸನ್ನೆಯೊಂದನ್ನು ಚಕ್ರದ ಮೇಲೆ ಅದುಮಿ ವೇಗವನ್ನು ಹಿಡಿತದಲ್ಲಿಡುತ್ತಿದ್ದನು. ಎತ್ತಿನ ಬಂಡಿಯನ್ನು ಇಳಿಜಾರಿನಲ್ಲಿ ಹೊಡೆದು ಬಲ್ಲವರಿಗೆ ಈ ಕಷ್ಟವನ್ನು ವಿವರಿಸಬೇಕಾಗಿಲ್ಲ.

ಇಂತಹ ದಾರಿಗೆ ಅಡ್ಡವಾಗಿ ಒಂದು ಕಣಿವೆ ಬಂದರೆ ಏನು ಗತಿ? ತುಂಬಿದ ಬಂಡಿ ಕಣಿವೆಯ ತಳಕ್ಕೆ ಇಳಿಯಬಹುದು, ಆದರೆ ಎದುರು ದಂಡೆಯನ್ನು ಏರಲಾರದು. ಎಂಬತ್ತು ಅಡಿ ಆಳದ ಕಣಿವೆಯ ತಳದಲ್ಲಿ ಹರಿಯುವ ನೀರು ಮೊಣಕಾಲುದ್ದವೋ ಆಳುದ್ದವೋ ಎಂಬುದು ಇಲ್ಲಿ ಮುಖ್ಯವಲ್ಲ. ಸೇತುವೆಯ ಅಳತೆಯನ್ನು ಗೊತ್ತುಮಾಡಿದ್ದು ತೊರೆಯಲ್ಲ, ಕುದುರೆಯ ಶಕ್ತಿ. ನಮ್ಮ ಮೊದಲನೆಯ ಪ್ರಶ್ನೆಗೆ ಇದೇ ಉತ್ತರ. ದಾರಿಯ ಮಟ್ಟವನ್ನು ಕಾಪಾಡುವುದಕ್ಕೆ ಇದ್ದ ಉಪಾಯಗಳು ಎರಡು: ಕಣಿವೆಯನ್ನು ಮಣ್ಣಿನಿಂದ ತುಂಬಿ ಏರಿ ಹಾಕುವುದು, ಇಲ್ಲವೆ ಅದರ ಮೇಲೆ ಸೇತುವೆ ಕಟ್ಟುವುದು. ಟ್ಯಾನ್‌ಫೀಲ್ಡ್ ದಾರಿಯಲ್ಲಿ ಇವೆರಡನ್ನೂ ಮಾಡಿದರು. ಪ್ರಾಚೀನ ಅವಶೇಷಗಳ ಅಧ್ಯಯನಕ್ಕೆ ಹೆಸರಾದ ವಿಲಿಯಂ ಸ್ಟೂಕ್ಲಿ ೧೭೨೫ರಲ್ಲಿ ಈ ಕಡೆ ಸಂಚರಿಸಿದಾಗ, ನೂರು ಅಡಿ ಎತ್ತರಕ್ಕೆ ಮಣ್ಣು ತುಂಬಿದ ಕಣಿವೆಗಳನ್ನೂ ಕಲ್ಲಿನ ಸೇತುವೆ ಹಾಯಿಸಿದ ಕಣಿವೆಯನ್ನೂ ಕಂಡು ತನ್ನ ಪ್ರವಾಸಕಥನದಲ್ಲಿ ದಾಖಲಿಸಿದ್ದಾನೆ. ರೋಮನ್ನರ ಅವಶೇಷಗಳನ್ನು ಅರಸುತ್ತ ಹೊರಟವನು ತನ್ನ ಕಾಲದ ಕಲ್ಲಿದ್ದಲ ದಾರಿಯನ್ನು ನೋಡಿ ನಿಂತನೆಂಬುದು ಈ ಕೆಲಸದ ಗಾತ್ರಕ್ಕೆ ಒಳ್ಳೆಯ ಸಾಕ್ಷಿ.

ಇದಕ್ಕೆಲ್ಲ ಹಣ ಹಾಕಿದವರು ಆ ಪ್ರಾಂತದ ಪ್ರಬಲ ಗಣಿ ಒಡೆಯರು. ಲಿಡ್ಡೆಲ್, ವರ್ಟ್ಲಿ ಮಾಂಟೆಗ್ಯು, ಬೋಸ್ ಮನೆತನಗಳು ೧೭೨೬ರಲ್ಲಿ ಒಂದು ಒಪ್ಪಂದ ಮಾಡಿಕೊಂಡು ಪರಸ್ಪರ ಸ್ಪರ್ಧೆಯನ್ನು ಬಿಟ್ಟು ಕೂಡಿ ವ್ಯವಹರಿಸತೊಡಗಿದುವು. ಚರಿತ್ರಕಾರರು ಇದನ್ನು ಮಹಾಮಿತ್ರಕೂಟವೆಂಬ ಅರ್ಥದ ಹೆಸರಿನಿಂದ ಕರೆಯುತ್ತಾರೆ. ದಾರಿ ಹಾಯುವ ಭೂಮಿಯ ಒಡೆಯರಿಗೆ ಬಾಡಿಗೆ ತೆರಬೇಕಾಗಿದ್ದ ಆ ಕಾಲದಲ್ಲಿ, ದಾರಿಯನ್ನು ಹಿಡಿದವನೇ ಗಣಿಯನ್ನು ಹಿಡಿದಂತೆ. ಸೇತುವೆಗೆ ೧೨,೦೦೦ ಪೌಂಡು ವೆಚ್ಚವಾಯಿತೆಂದು ಹೇಳಲಾಗಿದೆ. ಅಂದಿನ ಕಾಲಕ್ಕೆ ಅದು ಬಹು ದೊಡ್ಡ ಮೊತ್ತ.

೩. ಸೇತುವೆ ಮತ್ತು ಅದರ ಪೂರ್ವಿಕರು

ಸೇತುವೆಯನ್ನು ಕಟ್ಟಿದವನು ಅಲ್ಲಿಯವನೇ ಆದ ರಾಲ್ಫ್ ವುಡ್ ಎಂಬ ಕಲ್ಕುಟಿಗ. ಕಟ್ಟಡಕ್ಕೆ ಬಳಸಿದುದು ಆ ಸೀಮೆಯಲ್ಲಿ ಹೇರಳವಾಗಿ ದೊರೆಯುವ ಮರಳುಗಲ್ಲು. ಸೇತುವೆಯ ಮೇಲೆ ಎರಡು ಜೊತೆ ಹಳಿಗಳು ಹಾಯ್ದಿದ್ದುವು: ಒಂದು ತುಂಬಿದ ಬಂಡಿಗಳು ನದಿಗೆ ಇಳಿಯುವುದಕ್ಕೆ, ಇನ್ನೊಂದು ಬರಿದಾದ ಬಂಡಿಗಳು ಗಣಿಗೆ ಮರಳುವುದಕ್ಕೆ. ದಾರಿ ಪೂರ್ಣ ಬಳಕೆಯಲ್ಲಿದ್ದಾಗ ದಿನವೊಂದಕ್ಕೆ ೯೦೦ಕ್ಕೂ ಹೆಚ್ಚು ಬಂಡಿಗಳು ಸೇತುವೆಯನ್ನು ದಾಟುತ್ತಿದ್ದುವೆಂದು ಹೇಳಿಕೆ.

ರೋಮನ್ನರ ಕಾಲದ ತರುವಾಯ ಇಂಗ್ಲೆಂಡಿನಲ್ಲಿ ಇಷ್ಟು ದೊಡ್ಡ ಕಮಾನನ್ನು ಯಾರೂ ಕಟ್ಟಿರಲಿಲ್ಲವಾಗಿ, ವುಡ್ ರೋಮನ್ನರ ಪದ್ಧತಿಯನ್ನೇ ಆಶ್ರಯಿಸಬೇಕಾಯಿತೆಂಬ ಮಾತು ಕೆಲವು ಬರವಣಿಗೆಗಳಲ್ಲಿ ಕಾಣುತ್ತದೆ. ಈ ಮಾತನ್ನು ಇದ್ದಂತೆಯೇ ಒಪ್ಪುವುದು ಕಷ್ಟ. ಅದೇ ಈಶಾನ್ಯ ಸೀಮೆಯಲ್ಲಿ, ಸ್ಕಾಟ್ಲೆಂಡಿನ ಗಡಿಯ ಬಳಿ, ಟಿಲ್ ನದಿಯ ಮೇಲೆ ಟ್ವೈಜೆಲ್ ಎಂಬಲ್ಲಿ ೯೦ ಅಡಿ ಅಗಲದ ಒಂಟಿ ಕಮಾನಿನ ಕಲ್ಲುಸೇತುವೆ ಇದೆ. ೧೫೧೩ರ ಫ್ಲಾಡನ್ ಯುದ್ಧಕ್ಕೆ ಮುಂಚೆ ಇಂಗ್ಲಿಷರ ಸೈನ್ಯದ ಒಂದು ಭಾಗವು ಫಿರಂಗಿಗಳೊಡನೆ ಇದನ್ನು ದಾಟಿತು. ಎಂದರೆ ಕಾಸಿಗಿಂತ ಎರಡು ಶತಮಾನಕ್ಕೂ ಹಿಂದೆ, ಅದೇ ಸೀಮೆಯಲ್ಲಿ, ಅದಕ್ಕಿಂತ ಸ್ವಲ್ಪವೇ ಕಿರಿದಾದ ಕಮಾನು ಇತ್ತೆಂದಾಯಿತು. ಆದುದರಿಂದ ವುಡ್ಡನ ಕೆಲಸವನ್ನು ಮರೆತುಹೋಗಿದ್ದ ವಿದ್ಯೆಯ ಪುನರುದ್ಧಾರವೆನ್ನುವುದಕ್ಕಿಂತ, ಕೈಯಿಂದ ಕೈಗೆ ಸಾಗಿಬಂದ ಕಸುಬೊಂದನ್ನು ಅದರ ಅಂಚಿನವರೆಗೆ ಒಯ್ದ ಸಾಹಸವೆನ್ನುವುದು ಹೆಚ್ಚು ಯುಕ್ತ. ಆದರೂ ಅಂಚು ಅಂಚೇ. ತೊಂಬತ್ತು ಅಡಿ ನಿಂತಿತೆಂಬುದು ನೂರು ಅಡಿಯೂ ನಿಲ್ಲುವುದೆಂಬುದಕ್ಕೆ ಪ್ರಮಾಣವಾಗದು. ಕನಿಷ್ಠಪಕ್ಷ, ಅದು ಪ್ರಮಾಣವಾಗುವುದೆಂದು ಹೇಳಬಲ್ಲ ಶಾಸ್ತ್ರ ಆ ಕಲ್ಕುಟಿಗನ ಕೈಯಲ್ಲಿರಲಿಲ್ಲ.

೪. ಕಮಾನು ನಿಲ್ಲುವುದು ಹೇಗೆ?

ಕಲ್ಲಿನ ಗುಣ ಎಲ್ಲರಿಗೂ ತಿಳಿದುದೇ. ಎಷ್ಟು ಅದುಮಿದರೂ ಅದು ತಡೆದುಕೊಳ್ಳುತ್ತದೆ; ಎಳೆದರೆ ಬೇಗನೆ ಬಿರಿಯುತ್ತದೆ. ಬಾಗಿಲ ಮೇಲೆ ಅಡ್ಡಲಾಗಿ ಇಟ್ಟ ಕಲ್ಲಿನ ತೊಲೆಯನ್ನು ನೋಡಿ. ಮೇಲಿನ ಭಾರಕ್ಕೆ ಅದು ಕಣ್ಣಿಗೆ ಕಾಣದಷ್ಟು ಬಾಗುತ್ತದೆ. ಆಗ ಅದರ ಮೇಲ್ಮೈ ಅದುಮಲ್ಪಟ್ಟು ಕೆಳಮೈ ಎಳೆಯಲ್ಪಡುತ್ತದೆ. ಬಾಗಿಲು ಅಗಲವಾದಷ್ಟೂ ಈ ಎಳೆತ ಹೆಚ್ಚಿ, ಕೊನೆಗೆ ತೊಲೆ ಕೆಳಗಿನಿಂದ ಬಿರುಕು ಬಿಟ್ಟು ಮುರಿಯುತ್ತದೆ. ಆದುದರಿಂದಲೇ ಕಲ್ಲಿನ ತೊಲೆಗಳನ್ನು ಹತ್ತಿರ ಹತ್ತಿರದ ಕಂಬಗಳ ಮೇಲೆ ಇಡಬೇಕಾಗುತ್ತದೆ. ನೂರು ಅಡಿ ಅಗಲದ ಕಣಿವೆಗೆ ಈ ಕ್ರಮ ಸಲ್ಲದು.

ಕಮಾನಿನಲ್ಲಿ ಎಳೆತಕ್ಕೆ ಎಡೆಯೇ ಇಲ್ಲ. ಬೆಣೆಯಾಕಾರದ ಕಲ್ಲುಗಳು ಒಂದನ್ನೊಂದು ಅದುಮುತ್ತ, ತಮ್ಮ ಭಾರವನ್ನೂ ಮೇಲಿನ ಭಾರವನ್ನೂ ಪಕ್ಕದ ಕಲ್ಲಿಗೆ ದಾಟಿಸುತ್ತ, ಕೊನೆಗೆ ಎರಡು ದಂಡೆಗಳಿಗೂ ಮುಟ್ಟಿಸುತ್ತವೆ. ಈ ಭಾರ ನೇರವಾಗಿ ಕೆಳಕ್ಕೆ ಮಾತ್ರವಲ್ಲದೆ ಹೊರಕ್ಕೂ ನೂಕುತ್ತದೆ. ಆದ್ದರಿಂದ ಕಮಾನಿಗೆ ಬೇಕಾದುದು ಜರುಗದ ದಂಡೆ. ದಂಡೆಗಳು ದೂರ ಸರಿದರೆ ಕಮಾನು ಇಳಿಯುತ್ತದೆ. ಅವು ಗಟ್ಟಿಯಾಗಿ ನಿಂತರೆ ಕಮಾನಿನ ಭಾರವೇ ಅದನ್ನು ಬಿಗಿಯುವ ಬಲವಾಗುತ್ತದೆ.

ಈ ಭಾರ ಯಾವ ದಾರಿ ಹಿಡಿದು ಕಲ್ಲಿನಿಂದ ಕಲ್ಲಿಗೆ ಸಾಗುತ್ತದೆ? ಇದಕ್ಕೆ ಮೊದಲ ಸ್ಪಷ್ಟ ಉತ್ತರ ಕೊಟ್ಟವನು ರಾಬರ್ಟ್ ಹುಕ್. ಎರಡು ತುದಿಗಳಲ್ಲಿ ಕಟ್ಟಿದ ಹೂಮಾಲೆಯೋ ಸರಪಣಿಯೋ ತನ್ನ ಭಾರಕ್ಕೆ ತಾನೇ ಜೋತು ಒಂದು ಬಾಗಿದ ಆಕಾರವನ್ನು ತಾಳುತ್ತದೆ. ಆ ಸ್ಥಿತಿಯಲ್ಲಿ ಸರಪಣಿಯ ಪ್ರತಿ ಕೊಂಡಿಯಲ್ಲೂ ಇರುವುದು ಎಳೆತ ಮಾತ್ರ. ಅದೇ ಆಕಾರವನ್ನು ಹಾಗೆಯೇ ತಲೆಕೆಳಗು ಮಾಡಿ ಕಲ್ಲಿನಲ್ಲಿ ಕಟ್ಟಿದರೆ, ಎಳೆತವಿದ್ದಲ್ಲೆಲ್ಲ ಅದುಮು ಬರುತ್ತದೆ. ಜೋತ ಸರಪಣಿಯ ರೀತಿ ಯಾವುದೋ ನಿಂತ ಕಮಾನಿನ ರೀತಿಯೂ ಅದೇ ಎಂಬುದು ಹುಕ್ಕನ ತತ್ತ್ವ. ಇದನ್ನು ಅವನು ೧೬೭೫ರಲ್ಲಿ ಅಕ್ಷರಗಳನ್ನು ಕಲಸಿದ ಒಗಟಿನ ರೂಪದಲ್ಲಿ ಪ್ರಕಟಿಸಿದನು. ಒಗಟಿನ ಅರ್ಥ ಹೊರಬಿದ್ದುದು ಅವನು ತೀರಿಕೊಂಡ ಮೇಲೆ, ೧೭೦೫ರಲ್ಲಿ.

ಇಲ್ಲಿ ಒಂದು ಸೂಕ್ಷ್ಮವನ್ನು ಗಮನಿಸಬೇಕು. ಸರಪಣಿಗೆ ದಪ್ಪವಿಲ್ಲ, ಕಮಾನಿಗೆ ದಪ್ಪವಿದೆ. ಆದುದರಿಂದ ಕಮಾನಿನ ಆಕಾರ ತಲೆಕೆಳಗಾದ ಸರಪಣಿಯ ಆಕಾರವೇ ಆಗಿರಬೇಕಾಗಿಲ್ಲ. ಅಂತಹ ಒಂದು ರೇಖೆಯನ್ನು ಕಮಾನಿನ ಕಲ್ಲುಗಳ ದಪ್ಪದೊಳಗೆ, ಎಲ್ಲಿಯೂ ಹೊರಚಾಚದಂತೆ, ಎಳೆಯಲು ಸಾಧ್ಯವಾದರೆ ಸಾಕು. ಈ ಕಾಲ್ಪನಿಕ ರೇಖೆಯನ್ನು ನೂಕುರೇಖೆ ಎಂದು ಕರೆಯೋಣ. ಅದು ಕಲ್ಲಿನ ಒಳಗಿರುವವರೆಗೆ ಕಮಾನು ನಿಲ್ಲುತ್ತದೆ. ಅದು ಒಂದು ಅಂಚನ್ನು ಮುಟ್ಟಿದ ಕಡೆ, ಎದುರಂಚಿನಲ್ಲಿ ಕಲ್ಲುಗಳ ನಡುವೆ ಬಿರುಕು ತೆರೆದು, ಅಲ್ಲಿ ಬಾಗಿಲ ಕೀಲಿನಂತಹ ಒಂದು ಕೀಲು ಉಂಟಾಗುತ್ತದೆ. ಇಂತಹ ಮೂರು ಕೀಲುಗಳಿದ್ದರೂ ಕಮಾನು ನಿಲ್ಲಬಲ್ಲದು. ದಂಡೆಗಳು ಕೂದಲೆಳೆಯಷ್ಟು ಸರಿದಾಗ ಅದು ಹೊಂದಿಕೊಳ್ಳುವುದು ಹೀಗೆಯೇ. ನಾಲ್ಕನೆಯ ಕೀಲು ಮೂಡಿದಾಗ ಮಾತ್ರ ಅದು ಮಡಿಸಿ ಬೀಳುತ್ತದೆ. ಹೀಗೆ, ಹಳೆಯ ಕಮಾನಿನಲ್ಲಿ ಬಿರುಕು ಕಂಡ ಮಾತ್ರಕ್ಕೆ ಅದು ಬೀಳುವುದೆಂದು ಹೇಳಲಾಗದು.

ಕಲ್ಲು ಭಾರಕ್ಕೆ ಪುಡಿಯಾಗುವುದಿಲ್ಲವೇ ಎಂದು ಕೆಲವರು ಕೇಳಬಹುದು. ಮರಳುಗಲ್ಲಿನ ಒಂದು ಕಂಬವನ್ನು ಮೇಲಕ್ಕೆ ಕಟ್ಟುತ್ತ ಹೋದರೆ, ತಳದ ಕಲ್ಲು ತನ್ನ ಮೇಲಣ ಭಾರಕ್ಕೆ ನುಗ್ಗಾಗಬೇಕಾದರೆ ಕಂಬದ ಎತ್ತರ ಸುಮಾರು ೨ ಕಿಲೋಮೀಟರು ಆಗಬೇಕಾಗುತ್ತದೆ. ಕಾಸಿ ಸೇತುವೆಯ ಎತ್ತರ ಇದರ ಎಂಬತ್ತರಲ್ಲಿ ಒಂದು ಪಾಲು. ಕಮಾನಿನಲ್ಲಿ ಒತ್ತಡ ಹಲವು ಪಟ್ಟು ಹೆಚ್ಚಿದರೂ ಅದು ಕಲ್ಲಿನ ಶಕ್ತಿಯ ಅಲ್ಪಾಂಶವಾಗಿಯೇ ಉಳಿಯುತ್ತದೆ. ಬಂಡಿಗಳ ವಿಷಯವೂ ಹಾಗೆಯೇ. ನೂರಾರು ಟನ್ನು ತೂಗುವ ಕಲ್ಲಿನ ರಾಶಿಯ ಮೇಲೆ ಕೆಲವು ಟನ್ನಿನ ಬಂಡಿಯೊಂದು ಹಾದುಹೋದರೆ ನೂಕುರೇಖೆ ಅತ್ಯಲ್ಪವಾಗಿ ಮಾತ್ರ ಕದಲುತ್ತದೆ. ಇದರಿಂದ ತಿಳಿದುಬರುವ ಸಂಗತಿ ಇದು: ಕಲ್ಲಿನ ಕಮಾನಿನ ಭದ್ರತೆಯು ಪ್ರಧಾನವಾಗಿ ಆಕಾರದ ಪ್ರಶ್ನೆ, ಕಲ್ಲಿನ ಶಕ್ತಿಯ ಪ್ರಶ್ನೆಯಲ್ಲ. ಆಕಾರ ಸರಿಯಿದ್ದರೆ ಸಾಧಾರಣ ಕಲ್ಲೂ ನಿಲ್ಲುತ್ತದೆ. ಆಕಾರ ತಪ್ಪಿದರೆ ಅತ್ಯುತ್ತಮವಾದ ಕಲ್ಲೂ ಬೀಳುತ್ತದೆ.

ತರಗತಿಯಲ್ಲಿ ಇದನ್ನು ತೋರಿಸುವುದು ಸುಲಭ. ಗೋಡೆಗೆ ಅಂಟಿಸಿದ ಕಾಗದದ ಮುಂದೆ ತೆಳುವಾದ ಸರಪಣಿಯನ್ನು ಜೋತುಬಿಟ್ಟು ಅದರ ರೇಖೆಯನ್ನು ಗುರುತುಮಾಡಿ, ಕಾಗದವನ್ನು ತಲೆಕೆಳಗು ಮಾಡಿ, ಆ ರೇಖೆಯ ಎರಡು ಬದಿಗೂ ಸಮನಾದ ದಪ್ಪ ಬಿಟ್ಟು ಮರದ ತುಂಡುಗಳನ್ನು ಬೆಣೆಯಾಕಾರವಾಗಿ ಕೊಯ್ಯಿಸಬೇಕು. ಅಂಟು ಹಾಕದೆ ಜೋಡಿಸಿದರೂ ಆ ತುಂಡುಗಳು ನಿಲ್ಲುತ್ತವೆ. ಬಳಿಕ ಒಂದು ಪಕ್ಕದಲ್ಲಿ ಬೆರಳಿನಿಂದ ಮೆಲ್ಲನೆ ಅದುಮಿದರೆ, ಕೀಲುಗಳು ಒಂದೊಂದಾಗಿ ತೆರೆದು, ನಾಲ್ಕನೆಯದು ತೆರೆದ ಕ್ಷಣದಲ್ಲಿ ಕಮಾನು ಬೀಳುವುದನ್ನು ವಿದ್ಯಾರ್ಥಿಗಳು ಕಣ್ಣಾರೆ ನೋಡಬಹುದು.

೫. ಕಲ್ಕುಟಿಗನ ಭಯ

ಕಮಾನನ್ನು ಕಟ್ಟುವಾಗ ಅದು ಕಮಾನಾಗಿರುವುದಿಲ್ಲ. ನೆತ್ತಿಯ ಕೊನೆಯ ಕಲ್ಲನ್ನು ಕೂರಿಸುವವರೆಗೆ ಎರಡು ಬದಿಯ ಕಲ್ಲುಗಳೂ ಮರದ ಚೌಕಟ್ಟಿನ ಮೇಲೆ ಮಲಗಿರುತ್ತವೆ. ಕೆಲಸಗಾರರು ಸೆಂಟ್ರಿಂಗು ಎಂದು ಕರೆಯುವುದು ಇದನ್ನೇ. ಕೊನೆಯ ಕಲ್ಲು ಕೂತ ಮೇಲೆ ಈ ಮರದ ಆಧಾರವನ್ನು ಮೆಲ್ಲನೆ ಸಡಿಲಿಸಿ ತೆಗೆಯಬೇಕು. ಭಾರವೆಲ್ಲ ಮರದಿಂದ ಕಲ್ಲಿಗೆ ವರ್ಗವಾಗುವ ಆ ಹೊತ್ತಿನಲ್ಲಿ ಕಮಾನು ಮೊದಲ ಬಾರಿಗೆ ತನ್ನ ಕಾಲ ಮೇಲೆ ತಾನು ನಿಲ್ಲುತ್ತದೆ. ಕಲ್ಕುಟಿಗನಿಗೆ ಅದು ಪರೀಕ್ಷೆಯ ಗಳಿಗೆ. ಅಲ್ಲಿಯವರೆಗೆ ಅವನ ತಪ್ಪನ್ನು ಮರವು ಮುಚ್ಚಿಟ್ಟಿರುತ್ತದೆ.

ರಾಲ್ಫ್ ವುಡ್ಡನ ವಿಷಯವಾಗಿ ಪ್ರಚಲಿತವಾಗಿರುವ ಐತಿಹ್ಯ ಹೀಗಿದೆ: ಅವನು ಮೊದಲು ಮರದಿಂದ ಕಟ್ಟಿದ್ದ ಸೇತುವೆ ಕುಸಿದುಬಿತ್ತು, ಕಲ್ಲಿನದೂ ಹಾಗೆಯೇ ಬೀಳುವುದೆಂಬ ಭಯ ಅವನನ್ನು ಹಿಡಿಯಿತು, ಕೆಲಸ ಮುಗಿಯುವ ಮುನ್ನವೇ ಅವನು ಅದರ ಮೇಲಿನಿಂದ ಹಾರಿ ಪ್ರಾಣಬಿಟ್ಟನು. ಐತಿಹ್ಯವನ್ನು ಐತಿಹ್ಯವಾಗಿಯೇ ಗ್ರಹಿಸಬೇಕು. ಸ್ಥಳದಲ್ಲಿರುವ ನೆರಳುಗಡಿಯಾರದ ಕಲ್ಲಿನ ಮೇಲೆ ವುಡ್ಡನ ಹೆಸರು, ಕಲ್ಕುಟಿಗನೆಂಬ ವೃತ್ತಿನಾಮ ಮತ್ತು ೧೭೨೭ ಎಂಬ ವರ್ಷ ಕೆತ್ತಲ್ಪಟ್ಟಿವೆ. ಸೇತುವೆ ಮುಗಿದುದು ೧೭೨೬ರಲ್ಲಿ. ಸೇತುವೆ ಮುಗಿಯುವ ಮುನ್ನವೇ ಸತ್ತವನ ಹೆಸರನ್ನು ಮರುವರ್ಷದ ತಾರೀಖಿನೊಡನೆ ಇತರರು ಕೆತ್ತಿಸಿರಬಹುದಾದರೂ, ವೃತ್ತಿನಾಮದೊಡನೆ ನಿಂತ ಆ ಸಹಿಯನ್ನು ಓದಿದಾಗ ಬದುಕಿದ್ದು ತನ್ನ ಕೆಲಸಕ್ಕೆ ಹೆಸರು ಹಾಕಿದವನದೆಂದು ತೋರುವುದೇ ಹೆಚ್ಚು ಸಹಜ. ಒಂದು ಶಾಸನದಿಂದ ಐತಿಹ್ಯ ಪೂರ್ಣವಾಗಿ ಬಿದ್ದುಹೋಗದು; ಆದರೆ ಅದರ ಮೇಲೆ ಸಂದೇಹ ಕವಿಯುವುದು ದಿಟ.

ಹಾಗಾದರೆ ಈ ಕಥೆಯನ್ನು ತಳ್ಳಿಹಾಕಬಹುದೆ? ಘಟನೆಯಾಗಿ ಅದು ನಡೆಯದೆ ಇದ್ದರೂ, ಅದು ಹೇಳುವ ಭಯ ಕಲ್ಪಿತವಲ್ಲ. ಇದಕ್ಕೆ ಚೆನ್ನಾಗಿ ದಾಖಲಾದ ಸಾಕ್ಷ್ಯ ವೇಲ್ಸಿನಲ್ಲಿ ದೊರೆಯುತ್ತದೆ. ಕಾಸಿಯ ಹಿರಿಮೆಯನ್ನು ೧೭೫೬ರಲ್ಲಿ ಮೀರಿದುದು ಟಾಫ್ ನದಿಯ ಮೇಲೆ ಪಾಂಟಿಪ್ರಿದ್ದ್ ಎಂಬಲ್ಲಿ ಕಟ್ಟಿದ ೧೪೦ ಅಡಿಯ ಕಮಾನು. ಅದನ್ನು ಕಟ್ಟಿದ ವಿಲಿಯಂ ಎಡ್ವರ್ಡ್ಸ್ ಕಸುಬನ್ನು ತಾನೇ ಕಲಿತ ಕಲ್ಕುಟಿಗ, ಮೇಲಾಗಿ ಧರ್ಮೋಪದೇಶಕ. ೧೭೪೬ರಲ್ಲಿ ಅವನು ಕಟ್ಟಲಾರಂಭಿಸಿದ ಮೊದಲ ಸೇತುವೆ ನೆರೆಗೆ ಕೊಚ್ಚಿಹೋಯಿತು. ನದಿಯಲ್ಲಿ ಕಂಬವಿಲ್ಲದಂತೆ ಒಂದೇ ಕಮಾನು ಹಾಯಿಸಬೇಕೆಂದು ಹೊರಟಾಗ ಹೊಸ ಬಗೆಯ ಸೋಲು ಎದುರಾಯಿತು: ಕಮಾನು ನಿಂತಿತು, ಆದರೆ ಅದರ ಎರಡು ಹೆಗಲುಗಳ ಮೇಲೆ ತುಂಬಿದ ಕಲ್ಲುಮಣ್ಣಿನ ಭಾರಕ್ಕೆ ಹಗುರವಾದ ನೆತ್ತಿ ಮೇಲಕ್ಕೆ ನೂಕಲ್ಪಟ್ಟು ಇಡಿಯ ಕಮಾನು ಕುಸಿಯಿತು. ಭಾರ ಹೆಚ್ಚಾಗಿ ಬಿದ್ದ ಸೇತುವೆಯ ನೆತ್ತಿ ಕೆಳಕ್ಕೆ ಹೋಗಬೇಕೆಂದು ನಾವು ಎಣಿಸುತ್ತೇವೆ. ಇಲ್ಲಿ ಅದು ಮೇಲಕ್ಕೆ ಹೋಯಿತು. ಜೋತ ಸರಪಣಿಯ ಎರಡು ಪಕ್ಕಗಳಿಗೆ ತೂಕ ಕಟ್ಟಿದರೆ ಪಕ್ಕಗಳು ಇಳಿದು ನಡು ಮೇಲಕ್ಕೇರುತ್ತದೆ. ತಲೆಕೆಳಗು ಮಾಡಿದ ನೂಕುರೇಖೆಯಲ್ಲಿ ಅದೇ ನಡು ಕೆಳಕ್ಕೆ ಸರಿದು ನೆತ್ತಿಯ ಕಲ್ಲನ್ನು ಬಿಟ್ಟು ಹೊರಬೀಳುತ್ತದೆ. ಆಗ ನೆತ್ತಿಯ ಕಲ್ಲುಗಳು ಮೇಲಕ್ಕೆ ಸಿಡಿಯದೆ ಬೇರೆ ದಾರಿಯಿಲ್ಲ. ಎಡ್ವರ್ಡ್ಸ್ ಕೊನೆಯ ಯತ್ನದಲ್ಲಿ ಎರಡು ಹೆಗಲುಗಳಲ್ಲೂ ಮೂರು ಮೂರು ದುಂಡಾದ ತೂತುಗಳನ್ನು ಬಿಟ್ಟು ಭಾರವನ್ನು ಇಳಿಸಿದನು. ಆ ಸೇತುವೆ ಇಂದಿಗೂ ನಿಂತಿದೆ.

ಎಡ್ವರ್ಡ್ಸನು ಸತ್ಯವನ್ನು ಕಂಡುಕೊಂಡುದು ಬಿದ್ದ ಕಲ್ಲುಗಳಿಂದ. ಶಾಸ್ತ್ರವಿಲ್ಲದ ಕಸುಬಿಗೆ ಇರುವ ಗುರು ಸೋಲೊಂದೇ. ಆ ಗುರುವಿಗೆ ಕೊಡಬೇಕಾದ ಕಾಣಿಕೆ ದೊಡ್ಡದು. ಹುಕ್ಕನ ಒಗಟು ಬಿಡಿಸಲ್ಪಟ್ಟು ಇಪ್ಪತ್ತು ವರ್ಷಗಳಾದ ಮೇಲೆ ಕಾಸಿಯ ಕೆಲಸ ಆರಂಭವಾಯಿತು; ಪ್ಯಾರಿಸಿನಲ್ಲಿ ಫಿಲಿಪ್ ದ ಲಾ ಹೀರ್ ೧೬೯೫ರಲ್ಲಿಯೂ ೧೭೧೨ರಲ್ಲಿಯೂ ಕಮಾನಿನ ಬಲಗಳನ್ನು ಲೆಕ್ಕ ಹಾಕಿದ್ದನು. ಅರಿವು ಲೋಕದಲ್ಲಿತ್ತು, ಆದರೆ ಅದು ವಿದ್ವಾಂಸರ ಗ್ರಂಥಗಳಲ್ಲಿತ್ತು, ಕಮಾನು ಕಲ್ಕುಟಿಗರ ಕೈಯಲ್ಲಿತ್ತು. ಇವೆರಡರ ನಡುವಣ ಕಣಿವೆಗೆ ಇನ್ನೂ ಸೇತುವೆಯಾಗಿರಲಿಲ್ಲ.

೬. ಅನಂತರದ ಕಥೆ

ಕಾಸಿ ಸೇತುವೆ ನಿಂತಿತು. ಆದರೆ ಅದರ ಉಪಯೋಗ ಬಹುಕಾಲ ನಡೆಯಲಿಲ್ಲ. ೧೭೩೯ರಲ್ಲಿ ಟ್ಯಾನ್‌ಫೀಲ್ಡ್ ಗಣಿಯಲ್ಲಿ ಬೆಂಕಿ ಬಿದ್ದ ಮೇಲೆ ಸೇತುವೆಯ ಮೇಲಣ ಸಂಚಾರ ಇಳಿಯಿತು. ಯಾವ ಭಾರಕ್ಕಾಗಿ ಅದನ್ನು ಕಟ್ಟಿದರೋ ಆ ಭಾರವೇ ಬಾರದಾಯಿತು. ಬಂಡಿಗಳು ನಿಂತ ಮೇಲೆಯೂ ಕಮಾನು, ತನ್ನ ಹೊರೆಯನ್ನು ತಾನೇ ಹೊತ್ತು, ಕಣಿವೆಯ ಮರಗಳ ನಡುವೆ ಉಳಿದುಕೊಂಡಿತು. ಇಪ್ಪತ್ತನೆಯ ಶತಮಾನದಲ್ಲಿ ಅದಕ್ಕೆ ಅತ್ಯುನ್ನತ ವರ್ಗದ ಸಂರಕ್ಷಿತ ಕಟ್ಟಡವೆಂಬ ಮಾನ್ಯತೆ ದೊರೆಯಿತು. ೧೯೮೦ರ ದಶಕದಲ್ಲಿ ಅದನ್ನು ದುರಸ್ತಿಮಾಡಿ ಬಲಪಡಿಸಿದರು. ಇಂದು ಅದರ ಮೇಲೆ ನಡೆದಾಡುವವರು ಪ್ರವಾಸಿಗಳು. ಸಮೀಪದಲ್ಲಿ, ಹಳೆಯ ದಾರಿಯ ಒಂದು ಭಾಗದಲ್ಲಿ, ಆಸಕ್ತರು ಕಾಪಾಡಿಕೊಂಡು ಬಂದಿರುವ ಉಗಿಬಂಡಿಯೊಂದು ಓಡುತ್ತದೆ.

ಇತ್ತ ಶಾಸ್ತ್ರವೂ ಮುಂದುವರಿಯಿತು. ೧೭೪೮ರಲ್ಲಿ ಜೊವಾನಿ ಪೊಲೇನಿ, ರೋಮಿನ ಸಂತ ಪೀಟರನ ದೇವಾಲಯದ ಗುಮ್ಮಟದಲ್ಲಿ ಬಿರುಕುಗಳು ಕಂಡಾಗ, ಭಾರಗಳಿಗೆ ತಕ್ಕ ತೂಕದ ಮಣಿಗಳನ್ನು ಪೋಣಿಸಿದ ಸರಪಣಿಯನ್ನು ಜೋತುಬಿಟ್ಟು, ನೂಕುರೇಖೆ ಕಲ್ಲಿನೊಳಗೇ ಇರುವುದೆಂದು ತೋರಿಸಿದನು. ೧೭೭೩ರಲ್ಲಿ ಕುಲಂಬ್ ಕಮಾನು ಬೀಳುವ ಬಗೆಗಳನ್ನು ಗಣಿತದಿಂದ ವಿವೇಚಿಸಿದನು. ಆದರೆ ಹತ್ತೊಂಬತ್ತನೆಯ ಶತಮಾನದಲ್ಲಿ ಕಬ್ಬಿಣವೂ ಉಕ್ಕೂ ಬಂದು, ಎಂಜಿನಿಯರರ ಲಕ್ಷ್ಯ ಪದಾರ್ಥಗಳ ಶಕ್ತಿಯ ಕಡೆಗೆ ತಿರುಗಿತು. ಉಕ್ಕಿನ ತೊಲೆಗೆ ಒಪ್ಪುವ ಲೆಕ್ಕವನ್ನೇ ಕಲ್ಲಿನ ಕಮಾನಿಗೂ ಅನ್ವಯಿಸುವ ರೂಢಿ ಬಂತು. ೧೯೬೬ರಲ್ಲಿ ಕೇಂಬ್ರಿಜಿನ ಜಾಕ್ ಹೇಮನ್ ಪ್ರಕಟಿಸಿದ ಪ್ರಬಂಧವು ಕಲ್ಲುಕಟ್ಟಡದ ಪ್ರಶ್ನೆಯನ್ನು ಮತ್ತೆ ಆಕಾರದ ಪ್ರಶ್ನೆಯನ್ನಾಗಿ ಮಾಡಿತು. ಕಲ್ಲುಗಳ ನಡುವಣ ಗಾರೆ ಎಳೆತವನ್ನು ತಡೆಯದು, ಕಲ್ಲು ಅದುಮಿಗೆ ನುಗ್ಗಾಗದು, ಕಲ್ಲುಗಳು ಒಂದರ ಮೇಲೊಂದು ಜಾರವು. ಈ ಮೂರನ್ನು ಒಪ್ಪಿಕೊಂಡರೆ, ನೂಕುರೇಖೆಯೊಂದನ್ನು ಕಲ್ಲಿನೊಳಗೆ ಎಳೆದು ತೋರಿಸುವುದೇ ಭದ್ರತೆಗೆ ಸಾಕಾದ ಪ್ರಮಾಣವೆಂದು ಅವರು ಸಾಧಿಸಿದರು. ಕಮಾನು ನಿಜವಾಗಿ ಯಾವ ರೇಖೆಯನ್ನು ಆರಿಸಿಕೊಂಡಿದೆಯೆಂದು ನಾವು ತಿಳಿಯಬೇಕಾಗಿಯೂ ಇಲ್ಲ; ನಾವು ಒಂದನ್ನು ಕಂಡರೆ ಕಮಾನೂ ಒಂದನ್ನು ಕಂಡುಕೊಳ್ಳುತ್ತದೆ.

ಇದರ ಫಲಿತಾರ್ಥ ಮಹತ್ತ್ವದ್ದು. ಮರದ ಆಧಾರವನ್ನು ತೆಗೆದ ಮೇಲೆ ಕಮಾನು ಕೆಲವು ನಿಮಿಷ ನಿಂತಿತೆಂದರೆ ಸರಿಯಾದ ರೇಖೆ ಅದರೊಳಗಿದೆಯೆಂದೇ ಅರ್ಥ. ಅಸ್ತಿವಾರ ಜರುಗದೆ, ಮಳೆಬಿಸಿಲು ಕಲ್ಲನ್ನು ತಿನ್ನದೆ, ಬೇರುಗಳು ಅದನ್ನು ಸೀಳದೆ ಇದ್ದರೆ, ಅದು ಶತಮಾನಗಳ ಕಾಲ ನಿಲ್ಲುವುದಕ್ಕೆ ಅಡ್ಡಿಯಿಲ್ಲ. ಹಳ್ಳಿಯ ಹಳ್ಳಕೊಳ್ಳಗಳ ಮೇಲೆ ನಿಂತ ಹಳೆಯ ಕಲ್ಲುಸೇತುವೆಗಳನ್ನು ಬಿರುಕು ಕಂಡ ಮಾತ್ರಕ್ಕೆ ಕೆಡವಬೇಕೆನ್ನುವವರಿಗೂ, ಬೇಡದ ಕಡೆ ಕಾಂಕ್ರೀಟು ತುಂಬಿ ಬಲಪಡಿಸಹೊರಡುವವರಿಗೂ ಈ ಮಾತು ಎಚ್ಚರಿಕೆ. ಮೊದಲು ಆಕಾರವನ್ನು ಅಳೆಯಬೇಕು, ದಂಡೆಗಳನ್ನು ಪರೀಕ್ಷಿಸಬೇಕು, ನೀರು ಒಳಹೋಗದಂತೆ ನೋಡಿಕೊಳ್ಳಬೇಕು. ಕಲ್ಲಿನ ಶಕ್ತಿಯ ಮಾತು ಆಮೇಲೆ.

೭. ಉಪಸಂಹಾರ

ಮೇಲಿನ ವಿವೇಚನೆಯಿಂದ ಮೂರು ಸಂಗತಿಗಳು ಸ್ಪಷ್ಟವಾಗುತ್ತವೆ. ಕಾಸಿ ಸೇತುವೆಯ ಗಾತ್ರಕ್ಕೆ ಕಾರಣ ಅದರ ಕೆಳಗಣ ತೊರೆಯಲ್ಲ, ಕುದುರೆಯ ಶಕ್ತಿಗೆ ಹೊಂದಬೇಕಾಗಿದ್ದ ದಾರಿಯ ಮಟ್ಟ. ಅದು ನಿಂತಿರುವುದಕ್ಕೆ ಕಾರಣ ಕಲ್ಲಿನ ಶಕ್ತಿಗಿಂತ ಹೆಚ್ಚಾಗಿ ಕಮಾನಿನ ಆಕಾರ. ಆ ಆಕಾರವನ್ನು ಒದಗಿಸಿದುದು ಗ್ರಂಥಸ್ಥವಾದ ಶಾಸ್ತ್ರವಲ್ಲ, ತಲೆಮಾರುಗಳಿಂದ ಬಂದ ಕೈಗಾರಿಕೆಯ ಅನುಭವ.

ಹಾಗಾದರೆ ಶಾಸ್ತ್ರದಿಂದ ಆದ ಪ್ರಯೋಜನವೇನು? ಶಾಸ್ತ್ರವಿಲ್ಲದೆಯೂ ಕಮಾನು ಕಟ್ಟಬಹುದೆಂಬುದಕ್ಕೆ ವುಡ್ಡನ ಕೆಲಸವೇ ನಿದರ್ಶನ. ಆದರೆ ಅದು ನಿಲ್ಲುವುದೆಂದು ಮು೦ಚಿತವಾಗಿ ತಿಳಿಯುವುದು, ನಿಂತದ್ದು ಏಕೆ ನಿಂತಿತೆಂದು ಹೇಳುವುದು, ಮತ್ತೊಬ್ಬನಿಗೆ ಅದನ್ನು ಕಲಿಸುವುದು, ಬಿರುಕು ಕಂಡಾಗ ಅಂಜದೆ ಪರೀಕ್ಷಿಸುವುದು ಶಾಸ್ತ್ರದಿಂದಲೇ ಸಾಧ್ಯ. ಕಸುಬು ಸೇತುವೆಯನ್ನು ಕೊಟ್ಟಿತು. ಶಾಸ್ತ್ರ ಅದರ ಮೇಲೆ ನಂಬಿಕೆಯನ್ನು ಕೊಟ್ಟಿತು. ಐತಿಹ್ಯದ ಕಲ್ಕುಟಿಗನಿಗೆ ಕೊರತೆಯಾಗಿದ್ದುದು ಕೈಚಳಕವಲ್ಲ, ಈ ನಂಬಿಕೆ. ಕಾಲೇಜುಗಳಲ್ಲಿ ಬಲವಿಜ್ಞಾನವನ್ನು ಬೋಧಿಸುವಾಗ ಸೂತ್ರಗಳ ಹಿಂದೆ ಇಂತಹ ಮನುಷ್ಯರು ಇದ್ದರೆಂಬುದನ್ನೂ, ಕಸುಬುದಾರರ ಕೈಯಲ್ಲಿರುವ ಅರಿವನ್ನು ಗ್ರಂಥದ ಅರಿವಿನೊಡನೆ ಕೂಡಿಸುವುದು ಎಂದಿಗೂ ಮುಗಿಯದ ಕೆಲಸವೆಂಬುದನ್ನೂ ವಿದ್ಯಾರ್ಥಿಗಳಿಗೆ ತಿಳಿಸಿದರೆ, ಮೂರು ಶತಮಾನಗಳ ಹಿಂದಿನ ಈ ಸೇತುವೆಯ ಅಧ್ಯಯನ ಸಾರ್ಥಕವಾದೀತು.